ಪರ–ವಿರೋಧ: ಕೆನಡಾದ ಮಿಷನ್ ಬೆಳೆದದ್ದರಿಂದ ಟ್ರಿನಿಡಾಡಿನ ಕೂಲಿಗಳಿಗೆ ಒಳಿತಾಯಿತೇ?

ಪರ

ಹಾಜರಿ ಪುಸ್ತಕದ ಲೆಕ್ಕ

ಮೂವತ್ತಾರು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿದವಳು ನಾನು. ಪ್ರತಿ ಜೂನ್‌ನಲ್ಲಿ ದಾಖಲಾತಿ ಆಂದೋಲನದ ಆದೇಶ ಬಂದ ಕೂಡಲೇ ಕೊಡೆ ಹಿಡಿದು ಮನೆಮನೆ ಅಲೆದಿದ್ದೇನೆ. ಕಬ್ಬು ಕಡಿಯಲು ಬಂದವರ ಗುಡಿಸಲ ಮುಂದೆ ನಿಂತು ‘ಮಗಳನ್ನು ಶಾಲೆಗೆ ಕಳಿಸಿ’ ಎಂದರೆ, ‘ಇವಳು ಬಂದರೆ ಕೈಕೂಸನ್ನು ಯಾರು ನೋಡಿಕೊಳ್ಳುತ್ತಾರೆ ಟೀಚರ್?’ ಎಂದು ತಾಯಂದಿರು ಕೇಳುತ್ತಿದ್ದರು. ನನ್ನ ಬಳಿ ಉತ್ತರ ಇರುತ್ತಿರಲಿಲ್ಲ. ಆದರೂ ಮರುದಿನ ಮತ್ತೆ ಹೋಗುತ್ತಿದ್ದೆ. ಕೆರಿಬಿಯನ್ ದ್ವೀಪ ಟ್ರಿನಿಡಾಡಿನಲ್ಲಿ ಭಾರತೀಯ ಕೂಲಿಗಳ ನಡುವೆ ಶಾಲೆ ತೆರೆದ ಕೆನಡಾದ ಕ್ರೈಸ್ತ ಮಿಷನ್ ಪರವಾಗಿ ಬರೆಯುತ್ತೀರಾ ಎಂದು ಸಂಪಾದಕರು ಕೇಳಿದಾಗ ನಾನು ಹಿಂದೆಮುಂದೆ ನೋಡದಿರುವುದಕ್ಕೆ ಇದೇ ಕಾರಣ. ಧರ್ಮದ ಲೆಕ್ಕ ನನಗೆ ಅಷ್ಟಾಗಿ ತಿಳಿಯದು. ಹಾಜರಿ ಪುಸ್ತಕದ ಲೆಕ್ಕ ತಿಳಿಯುತ್ತದೆ.

ಕೆರಿಬಿಯನ್ನಿನ ಬ್ರಿಟಿಷ್ ವಸಾಹತುಗಳಲ್ಲಿ 1838ರ ಹೊತ್ತಿಗೆ ಗುಲಾಮಗಿರಿ ಪೂರ್ತಿ ಮುಗಿಯಿತು. ಬಿಡುಗಡೆಯಾದ ಆಫ್ರಿಕನ್ನರು ಹಳೆಯ ಯಜಮಾನರ ಕಬ್ಬಿನ ತೋಟಗಳಲ್ಲಿ ಅದೇ ಕೂಲಿಗೆ ದುಡಿಯಲು ಒಲ್ಲೆವೆಂದರು. ಆಗ ಯಜಮಾನರ ಕಣ್ಣು ಭಾರತದ ಮೇಲೆ ಬಿತ್ತು. 1845ರ ಮೇ 30ರಂದು ‘ಫತೇಲ್ ರಜಾಕ್’ ಎಂಬ ಹಡಗು ಇನ್ನೂರಕ್ಕೂ ಹೆಚ್ಚು ಜನರನ್ನು ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಇಳಿಸಿತು. 1917ರವರೆಗೆ ಹೀಗೆ ಬಂದವರು ಸುಮಾರು 1,44,000. ಹೆಚ್ಚಿನವರು ಕಲ್ಕತ್ತೆಯಿಂದ ಹಡಗು ಹತ್ತಿದ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಒಂದಷ್ಟು ಜನ ಮದರಾಸಿನಿಂದ ಹೋದವರು. ಐದು ವರ್ಷದ ಕರಾರು, ದಿನಕ್ಕೆ ಇಪ್ಪತ್ತೈದು ಸೆಂಟ್ ಕೂಲಿ. ಚೀಟಿಯಿಲ್ಲದೆ ತೋಟದಿಂದ ಹೊರಗೆ ಸಿಕ್ಕಿಬಿದ್ದರೆ ಜೈಲು.

ಅವರ ಮಕ್ಕಳ ಓದಿನ ಗತಿ ಏನು? ಗವರ್ನರ್ ಲಾರ್ಡ್ ಹ್ಯಾರಿಸ್ 1851ರಲ್ಲೇ ಧರ್ಮಬೋಧನೆಯಿಲ್ಲದ ಸರ್ಕಾರಿ ಶಾಲೆಗಳನ್ನು ತೆರೆಸಿದ್ದರು. ಕಟ್ಟಡವಿತ್ತು, ಮೇಷ್ಟರಿದ್ದರು, ಭಾರತೀಯರ ಮಕ್ಕಳು ಮಾತ್ರ ಇರಲಿಲ್ಲ. ಅವರ ಬ್ಯಾರಕ್ಕುಗಳಿಗೆ ಹೋಗಿ ಕರೆಯುವವರೇ ಇರಲಿಲ್ಲ. ಕರೆದರೂ ಅರ್ಥವಾಗುವ ಭಾಷೆಯಲ್ಲಿ ಕರೆಯುವವರಿರಲಿಲ್ಲ. ಹಾಜರಿ ಪುಸ್ತಕದ ಆ ಪುಟ ಖಾಲಿಯೇ ಉಳಿಯಿತು.

ಇಂಥ ಹೊತ್ತಿನಲ್ಲಿ ಕೆನಡಾದ ನೋವಾ ಸ್ಕಾಟಿಯಾದಿಂದ ಜಾನ್ ಮಾರ್ಟನ್ ಎಂಬ ಪ್ರೆಸ್ಬಿಟೇರಿಯನ್ (ಪ್ರಾಟೆಸ್ಟಂಟರ ಒಂದು ಪಂಗಡ) ಪಾದ್ರಿ ಬಂದರು. ಮೊದಲ ಸಲ, 1864ರಲ್ಲಿ, ಅವರು ಬಂದದ್ದು ತಮ್ಮ ಆರೋಗ್ಯ ಸುಧಾರಿಸಿಕೊಳ್ಳಲು. ಕಬ್ಬಿನ ಗದ್ದೆಯ ಜನರನ್ನು ಕಂಡರು, ಊರಿಗೆ ಮರಳಿ ತಮ್ಮ ಚರ್ಚಿನ ಸಭೆಯವರ ಬೆನ್ನು ಹತ್ತಿದರು, 1868ರಲ್ಲಿ ಹೆಂಡತಿ ಸಾರಾ ಜೊತೆ ಬಂದು ದ್ವೀಪದ ದಕ್ಷಿಣದ ಇಯೆರೆ ಹಳ್ಳಿಯಲ್ಲಿ ನೆಲೆಸಿದರು. ತಮ್ಮ ಮನೆಯ ಮೆಟ್ಟಿಲ ಮೇಲೆ ಮೂರು ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ಶುರುಮಾಡಿದರು ಎಂಬುದು ಅಲ್ಲಿ ಇವತ್ತಿಗೂ ಎಲ್ಲರ ಬಾಯಲ್ಲಿರುವ ಕಥೆ. ಮೂರೇ ಮಕ್ಕಳು! ನನ್ನ ಮೊದಲ ಶಾಲೆಯಲ್ಲಿ ಹನ್ನೊಂದು ಮಕ್ಕಳಿದ್ದರು, ಅಷ್ಟಕ್ಕೇ ನಾನು ಅತ್ತಿದ್ದೆ.

ಮಾರ್ಟನ್ ಹಿಂದಿ ಕಲಿತರು. ಇದನ್ನು ಒತ್ತಿ ಹೇಳುತ್ತೇನೆ. ಆ ದ್ವೀಪದಲ್ಲಿ ಕೂಲಿಗಳ ಜೊತೆ ಮಾತಾಡಬೇಕಾದ ಬಿಳಿಯರು ನೂರಾರು ಮಂದಿ ಇದ್ದರು. ಅವರ ಪೈಕಿ ಕೂಲಿಗಳ ಭಾಷೆಯನ್ನು ಕಲಿಯುವ ಶ್ರಮ ತೆಗೆದುಕೊಂಡವರೆಷ್ಟು? 1870ರಲ್ಲಿ ಕೆನೆತ್ ಗ್ರಾಂಟ್ ಬಂದು ಸಾನ್ ಫರ್ನಾಂಡೊ ಪಟ್ಟಣದಲ್ಲಿ ನಿಂತರು. ಎರಡೇ ವರ್ಷದಲ್ಲಿ ಅಲ್ಲೊಂದು ಚರ್ಚ್ ಎದ್ದಿತು. ಅದರ ಹೆಸರು ‘ಸುಸಮಾಚಾರ’. ಟುನಾಪುನದ ಚರ್ಚಿನ ಹೆಸರು ‘ಆರಾಮಾಲಯ’. ಕೆರಿಬಿಯನ್ ಸಮುದ್ರದ ನಡುವೆ ಈ ಹೆಸರುಗಳನ್ನು ಓದಿದಾಗ ನನಗೆ ತಟ್ಟನೆ ನೆನಪಾದದ್ದು 1843ರ ‘ಮಂಗಳೂರ ಸಮಾಚಾರ’. ಅದನ್ನು ಹೊರತಂದ ಬಾಸೆಲ್ ಮಿಷನ್ನಿನವರೇ ಅದೇ ವರ್ಷ ಜಮೈಕಾ ಮತ್ತು ಆಂಟಿಗುವಾದ ಕಪ್ಪು ಕ್ರೈಸ್ತ ಕುಟುಂಬಗಳನ್ನು ಆಫ್ರಿಕಾದ ಗೋಲ್ಡ್ ಕೋಸ್ಟಿಗೆ (ಇಂದಿನ ಘಾನಾ) ಕರೆದೊಯ್ದಿದ್ದರು. ಮಂಗಳೂರಿಗೂ ಕೆರಿಬಿಯನ್ನಿಗೂ ನಡುವೆ ಹೀಗೊಂದು ದಾರಿ ಇತ್ತು ಎಂದು ನಮ್ಮ ಯಾವ ಪಠ್ಯಪುಸ್ತಕವೂ ನನಗೆ ಹೇಳಿರಲಿಲ್ಲ. ಇರಲಿ, ವಿಷಯಕ್ಕೆ ಬರುತ್ತೇನೆ.

ಶಾಲೆಗಳ ಹಿಂದೆ ಶಾಲೆಗಳು ಬಂದವು. 1892ರಲ್ಲಿ ಸ್ಥಳೀಯ ಉಪದೇಶಿಗಳನ್ನು (ಧರ್ಮಬೋಧನೆ ಮಾಡುವ ಸಹಾಯಕರು), ಪಾದ್ರಿಗಳನ್ನು ಸಿದ್ಧಪಡಿಸುವ ಕಾಲೇಜು. 1894ರಲ್ಲಿ ಶಿಕ್ಷಕರ ತರಬೇತಿ ಸಂಸ್ಥೆ. ಅದೇ ಹೊತ್ತಿಗೆ ಬೀಜ ಬಿದ್ದ ನಪರಿಮಾ ಕಾಲೇಜು. ಇವತ್ತು ಪ್ರೆಸ್ಬಿಟೇರಿಯನ್ ಸಭೆಯ ಪ್ರಾಥಮಿಕ ಶಾಲೆಗಳೇ ಎಪ್ಪತ್ತಕ್ಕೂ ಹೆಚ್ಚು, ಪ್ರೌಢಶಾಲೆಗಳು ಐದು. ಸಭೆಯ ಸದಸ್ಯರೆಷ್ಟು ಗೊತ್ತೇ? 2011ರ ಜನಗಣತಿಯ ಪ್ರಕಾರ ದೇಶದ ಜನಸಂಖ್ಯೆಯಲ್ಲಿ ಶೇ. 2.5. ಹಿಂದೂಗಳು ಶೇ. 18.2. ಮತಾಂತರವೇ ಗುರಿ, ಶಾಲೆ ಬರೀ ಗಾಳ ಎಂದು ಎದುರು ಬದಿಯವರು ಹೇಳಲಿದ್ದಾರೆ. ನೂರೈವತ್ತು ವರ್ಷ ಗಾಳ ಹಾಕಿ ಕೂತವನ ಬುಟ್ಟಿಯಲ್ಲಿ ಇಷ್ಟೇ ಮೀನಿದ್ದರೆ ಅವನು ಮೀನುಗಾರನಲ್ಲ, ಕೆರೆಯ ದಡದಲ್ಲಿ ಪಾಠ ಹೇಳುತ್ತಿದ್ದ ಮೇಷ್ಟರು.

ಆ ಶಾಲೆಗಳಲ್ಲಿ ಓದಿದವರನ್ನು ನೋಡಿ. ನೂರ್ ಹಸನಲಿ ನಪರಿಮಾ ಕಾಲೇಜಿನ ವಿದ್ಯಾರ್ಥಿ. 1987ರಲ್ಲಿ ದೇಶದ ಅಧ್ಯಕ್ಷರಾದರು, ಮುಸ್ಲಿಮರಾಗಿಯೇ. ಕಮಲಾ ಪ್ರಸಾದ್ ಬಿಸ್ಸೇಸರ್ ಓದಿದ್ದು ಇಯೆರೆ ಹೈಸ್ಕೂಲಿನಲ್ಲಿ. 2010ರಲ್ಲಿ ದೇಶದ ಮೊದಲ ಮಹಿಳಾ ಪ್ರಧಾನಿ. ಲೇಖಕ ಸ್ಯಾಮ್ ಸೆಲ್ವನ್, ಮದರಾಸಿನಿಂದ ಹೋದವರ ಮಗ, ಅವರೂ ನಪರಿಮಾದ ಹುಡುಗ. ಕೆಲಸಕ್ಕಾಗಿ ಕೆಲವರು ಹೆಸರು ಬದಲಿಸಿಕೊಂಡರು ಎನ್ನುತ್ತಾರೆ. ಬದಲಿಸಿಕೊಂಡಿರಬಹುದು. ಹೊಟ್ಟೆಪಾಡಿಗಾಗಿ ಮನುಷ್ಯ ಏನೇನು ಬದಲಿಸಿಕೊಳ್ಳುವುದಿಲ್ಲ! ವಿರೋಧದವರ ಚಿತ್ರದಲ್ಲಿ ಪಾದ್ರಿ ಒಂದು ಕೈಯಲ್ಲಿ ಸ್ಲೇಟು, ಇನ್ನೊಂದು ಕೈಯಲ್ಲಿ ದೀಕ್ಷಾಸ್ನಾನದ ನೀರು ಹಿಡಿದು ಮಕ್ಕಳನ್ನು ಅಟ್ಟಿಸಿಕೊಂಡು ಹೋಗುತ್ತಿರುತ್ತಾನೆ. ಆ ಚಿತ್ರಕ್ಕೆ ಉತ್ತರ ಕೊಡುತ್ತಾ ಕೂರುವ ವಯಸ್ಸು ನನ್ನದಲ್ಲ.

ನನಗೆ ಮುಖ್ಯವಾದದ್ದು ಹೆಣ್ಣುಮಕ್ಕಳ ವಿಷಯ. ಹಡಗಿನಲ್ಲಿ ನೂರು ಗಂಡಸರಿಗೆ ನಲವತ್ತು ಹೆಂಗಸರಿರಬೇಕು ಎಂಬ ನಿಯಮವಿತ್ತು. ಎಂದರೆ ನಲವತ್ತೇ ಸಾಕು ಎಂದಾಯಿತು. ಹೆಣ್ಣಿಗೆ ಇಷ್ಟು ಬರವಿದ್ದ ಕಡೆ ಹನ್ನೊಂದು ಹನ್ನೆರಡರ ಹುಡುಗಿಯರ ಮದುವೆ ಮುಗಿದುಹೋಗುತ್ತಿತ್ತು, ಹೆಂಡತಿಯರ ಕೊಲೆಗಳು ಸರ್ಕಾರಕ್ಕೇ ತಲೆನೋವಾಗುವಷ್ಟು ನಡೆಯುತ್ತಿದ್ದವು. ಸಾರಾ ಮಾರ್ಟನ್ 1890ರಲ್ಲಿ ಟುನಾಪುನದಲ್ಲಿ ಹುಡುಗಿಯರ ವಸತಿಗೃಹ ತೆರೆದರು. ಹೊಲಿಗೆ, ಓದು, ಬರಹ, ಮನೆಗೆಲಸ ಕಲಿಸಿದರು. ಉಪದೇಶಿಗಳಿಗೆ, ಶಿಕ್ಷಕರಿಗೆ ಹೆಂಡತಿಯರನ್ನು ತಯಾರು ಮಾಡುವುದೇ ಉದ್ದೇಶವಾಗಿತ್ತು ಎಂದು ಮೂಗು ಮುರಿಯುವವರಿದ್ದಾರೆ. ಹೌದು, ಆಗಿತ್ತು. ಆದರೆ ಹನ್ನೆರಡಕ್ಕೆ ಬದಲು ಹದಿನಾರಕ್ಕೆ, ತನ್ನ ಹೆಸರನ್ನು ತಾನೇ ಬರೆಯಬಲ್ಲವಳಾಗಿ ಮದುವೆಯಾಗುವುದರ ಬೆಲೆ ಮೂಗು ಮುರಿಯುವ ಗಂಡಸರಿಗೆ ತಿಳಿಯುವುದಿಲ್ಲ. 1912ರಲ್ಲಿ ಸಾನ್ ಫರ್ನಾಂಡೊದಲ್ಲಿ ನಪರಿಮಾ ಬಾಲಕಿಯರ ಪ್ರೌಢಶಾಲೆ ಶುರುವಾಯಿತು. ಅದೇ ಸಾಲಿನಲ್ಲಿ 1950ರಲ್ಲಿ ಸೇಂಟ್ ಆಗಸ್ಟೀನ್ ಬಾಲಕಿಯರ ಪ್ರೌಢಶಾಲೆ.

ಈ ಎರಡನೆಯ ಶಾಲೆಯ ಗೇಟನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಮಗಳು ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಮೂರು ತಿಂಗಳು ಅವಳ ಜೊತೆಗಿದ್ದೆ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಮುದುಕಿ. ಬೀದಿಯವರೆಲ್ಲ ಅವರನ್ನು ‘ಆಜಿ’ ಎಂದೇ ಕರೆಯುತ್ತಿದ್ದರು. ಅಲ್ಲಿನವರ ಬಾಯಲ್ಲಿ ಅಪ್ಪನ ತಾಯಿ ಆಜಿ, ಅಮ್ಮನ ತಾಯಿ ನಾನಿ. ಮೊದಲ ದಿನ ಯಾರೋ ‘ಆಜಿ’ ಎಂದು ಕೂಗಿದಾಗ ನನ್ನನ್ನೇ ಕರೆದರೆಂದು ಬಾಗಿಲಿಗೆ ಓಡಿದ್ದೆ.

ಅವರ ಅಂಗಳದ ಮೂಲೆಯಲ್ಲಿ ಬಿದಿರ ಗಳುಗಳ ಮೇಲೆ ಕೆಂಪು, ಹಳದಿ ಬಾವುಟಗಳು. ‘ಝಂಡಿ’ ಎನ್ನುತ್ತಾರೆ, ಪೂಜೆ ಮುಗಿದ ಮೇಲೆ ನೆಡುವುದು. ಕೆಂಪು ಬಾವುಟ ಹನುಮಂತನದು. ಹಾಗೆಂದರೆ ಅಪ್ಪಟ ಹಿಂದೂ ಮನೆ. ಆಜಿಯ ಮೂವರು ಹೆಣ್ಣುಮಕ್ಕಳೂ ಆ ಗೇಟಿನ ಒಳಗೇ ಓದಿದವರು. ಒಬ್ಬಳು ನರ್ಸ್, ಒಬ್ಬಳು ಬ್ಯಾಂಕಿನಲ್ಲಿ, ಒಬ್ಬಳು ಟೊರಾಂಟೊದಲ್ಲಿ. ನಾನು ನಿವೃತ್ತ ಟೀಚರ್ ಎಂದು ತಿಳಿದ ದಿನ ಆಜಿ ಸಾದಾ ರೋಟಿ, ಸುಟ್ಟ ಬದನೆಕಾಯಿಯ ಚೋಖಾ ಮಾಡಿ ಕರೆದರು. ನಮ್ಮ ಗೊಜ್ಜಿನ ಅಣ್ಣನೋ ತಮ್ಮನೋ ಇರಬೇಕು ಆ ಚೋಖಾ. ಊಟವಾದ ಮೇಲೆ ಒಳಗಿನ ಪೆಟ್ಟಿಗೆಯಿಂದ ಒಂದು ಪುಸ್ತಕ ತಂದರು. ರಟ್ಟು ಕಿತ್ತುಹೋಗಿತ್ತು, ಅಂಚುಗಳನ್ನು ಹುಳು ತಿಂದಿತ್ತು. ಒಳಗೆ ದೇವನಾಗರಿ ಅಕ್ಷರಗಳು. ಮಿಷನ್ನಿನವರು ಅಚ್ಚು ಹಾಕಿಸಿದ ಹಿಂದಿ ಭಜನೆಗಳ ಪುಸ್ತಕ. ಆಜಿಯ ತಂದೆ ಕೆನಡಿಯನ್ ಮಿಷನ್ ಶಾಲೆಯಲ್ಲಿದ್ದಾಗ ಬಹುಮಾನವಾಗಿ ಸಿಕ್ಕಿದ್ದಂತೆ.

‘ನಿಮಗೆ ಇದನ್ನು ಓದಲು ಬರುತ್ತದೆಯೇ?’ ಎಂದು ಕೇಳಿದರು.

ಬರುತ್ತದೆ ಎಂದೆ. ಹೈಸ್ಕೂಲಿನಲ್ಲಿ ಹಿಂದಿ ಮೂರನೇ ಭಾಷೆಯಾಗಿತ್ತು. ಆಜಿಗೆ ಓದಲು ಬರುತ್ತಿರಲಿಲ್ಲ. ಆ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಚಿಕ್ಕವರಿದ್ದಾಗ ಮನೆಯಲ್ಲಿ ಭೋಜಪುರಿ ಕೇಳಿದ್ದರು, ಈಗ ಇಂಗ್ಲಿಷ್ ಒಂದೇ. ಅಪ್ಪ ಈ ಪುಸ್ತಕವನ್ನು ಸಂಜೆ ಜೋರಾಗಿ ಓದುತ್ತಿದ್ದರಂತೆ. ಏಸುವಿನ ಮೇಲೆ ಭಕ್ತಿಯಿತ್ತೋ ಇಲ್ಲವೋ, ಓದಲು ಬರುತ್ತದೆ ಎಂಬ ಹೆಮ್ಮೆ ಮಾತ್ರ ಇತ್ತಂತೆ. ನಾನು ಕನ್ನಡಕ ಹಾಕಿಕೊಂಡು ಒಂದು ಪುಟ ಓದಿದೆ. ನನ್ನ ಉಚ್ಚಾರ ಧಾರವಾಡದ ಹಿಂದಿ ಮೇಷ್ಟರು ಕಲಿಸಿದ್ದು, ಆಜಿಯ ಕಿವಿಗೆ ಹೇಗೆ ಕೇಳಿಸಿತೋ. ಅವರು ಕಣ್ಣು ಮುಚ್ಚಿ ಕೂತಿದ್ದರು. ಪುಟ ಮುಗಿದಾಗ, ‘ಮತ್ತೆ ಓದಿ. ಸ್ವಲ್ಪ ನಿಧಾನ. ಅಪ್ಪ ನಿಧಾನ ಓದುತ್ತಿದ್ದರು’ ಎಂದರು.

ಅಂಗಳದಲ್ಲಿ ಝಂಡಿ ಪಟಪಟ ಎನ್ನುತ್ತಿತ್ತು. ನಾನು ಮತ್ತೆ ಮೊದಲಿನಿಂದ ಓದಿದೆ.

ವಿರೋಧ

ಯಜಮಾನರ ಚಂದಾ

ಸಂಪಾದಕರ ಫೋನ್ ಬಂದಾಗ ನಾನು ಕೋರ್ಟಿನ ಕ್ಯಾಂಟೀನಿನಲ್ಲಿದ್ದೆ. ‘ಪರ ಬರೆಯಲು ಒಬ್ಬರು ಟೀಚರ್ ಒಪ್ಪಿದ್ದಾರೆ. ವಿರೋಧಕ್ಕೆ ಯಾರೂ ಸಿಗುತ್ತಿಲ್ಲ. ನೀವು ವಕೀಲರು, ಯಾವ ಬದಿಗೆ ನಿಲ್ಲಿಸಿದರೂ ವಾದಿಸುತ್ತೀರಿ’ ಎಂದರು. ಹೊಗಳಿಕೆಯೋ ಬೈಗುಳವೋ ತಿಳಿಯುವ ಮೊದಲೇ ಒಪ್ಪಿಕೊಂಡಿದ್ದೆ. ವಕಾಲತ್ತು ಹಾಕಿದ ಮೇಲೆ ಕಕ್ಷಿದಾರನನ್ನು ನಡುನೀರಿನಲ್ಲಿ ಬಿಡುವಂತಿಲ್ಲ.

ಟೀಚರ್ ಬರೆದದ್ದನ್ನು ನಾನು ಓದಿಲ್ಲ. ಓದದೆಯೂ ಹೇಳಬಲ್ಲೆ: ಮೆಟ್ಟಿಲ ಮೇಲಿನ ಮೂರು ಮಕ್ಕಳ ಕಥೆ ಬಂದಿರುತ್ತದೆ, ಒಬ್ಬಳು ಮುದುಕಿಯೂ ಬಂದಿರುತ್ತಾಳೆ. ಭಾವುಕತೆ ಒಳ್ಳೆಯದೇ. ನಾನು ಖರ್ಚುವೆಚ್ಚದ ಪುಸ್ತಕ ತೆರೆಯುತ್ತೇನೆ.

ಜಮೈಕಾದಿಂದ ಶುರುಮಾಡುತ್ತೇನೆ. 1831ರ ಕ್ರಿಸ್‌ಮಸ್ ವಾರದಲ್ಲಿ ಅಲ್ಲಿನ ಗುಲಾಮರು ಕಬ್ಬು ಕಡಿಯುವುದಿಲ್ಲ ಎಂದು ನಿಂತುಬಿಟ್ಟರು. ಮುಂದಾಳು ಸ್ಯಾಮ್ ಶಾರ್ಪ್, ಸ್ವತಃ ಗುಲಾಮ, ಬ್ಯಾಪ್ಟಿಸ್ಟ್ ಸಭೆಯ ಡೀಕನ್, ಎಂದರೆ ಪಾದ್ರಿಗೆ ನೆರವಾಗುವ ಸೇವಕ. ಮುಷ್ಕರ ದಂಗೆಯಾಯಿತು, ಸರ್ಕಾರ ಮುನ್ನೂರಕ್ಕೂ ಹೆಚ್ಚು ಜನರನ್ನು ಕೊಂದಿತು, 1832ರ ಮೇ ತಿಂಗಳಲ್ಲಿ ಶಾರ್ಪ್‌ನನ್ನು ಮಾಂಟೆಗೊ ಬೇಯಲ್ಲಿ ಗಲ್ಲಿಗೇರಿಸಿತು. ತೋಟದ ಯಜಮಾನರು ಮಿಷನರಿಗಳೇ ಇದಕ್ಕೆಲ್ಲ ಮೂಲ ಎಂದು ಪ್ರಾರ್ಥನಾ ಮಂದಿರಗಳನ್ನು ಸುಟ್ಟು ಕೆಡವಿದರು. ಪಾದ್ರಿ ವಿಲಿಯಂ ನಿಬ್ ಬಂಧನಕ್ಕೊಳಗಾದರು, ಬಿಡುಗಡೆಯಾದ ಮೇಲೆ ಇಂಗ್ಲೆಂಡಿಗೆ ಹೋಗಿ ಗುಲಾಮಗಿರಿಯ ವಿರುದ್ಧ ಸಾಕ್ಷಿ ಹೇಳಿದರು. ಮಿಷನ್ ಎಂದರೆ ಅದು.

ಟ್ರಿನಿಡಾಡಿನಲ್ಲಿ? ಯಜಮಾನರು ಮಂದಿರ ಸುಡಲಿಲ್ಲ. ಮಿಷನ್ನಿನ ಶಾಲೆಗಳಿಗೆ ತೋಟಗಳಲ್ಲೇ ಜಾಗ ಕೊಟ್ಟರು, ಚಂದಾ ಕೊಟ್ಟರು. ಯಾಕೆ ಕೊಟ್ಟರು ಎಂದು ಕೇಳಲು ವಕೀಲನೇ ಬೇಕಿಲ್ಲ. ಶಾಲೆಯಿದ್ದರೆ ಕೂಲಿ ಊರಿಗೆ ಮರಳುವ ಮಾತೆತ್ತುವುದಿಲ್ಲ, ಪ್ರಾರ್ಥನೆ ಮಾಡುವ ಕೂಲಿ ಕುಡಿದು ರಜೆ ಹಾಕುವುದಿಲ್ಲ. ಕಪ್ಪುಜನರಿಗೆ ಬಿಡುಗಡೆ ಬೇಕು ಎಂದು ಕೂಗಿದ ಧರ್ಮ, ಐದು ವರ್ಷದ ಕರಾರಿನ ಮುಂದೆ ಸ್ವರ ತಗ್ಗಿಸಿತು. ಕರಾರು ಪದ್ಧತಿ ನಿಂತದ್ದು ಟ್ರಿನಿಡಾಡಿನ ಚರ್ಚಿನಿಂದಲ್ಲ. ಭಾರತದಲ್ಲಿ ಎದ್ದ ಕೂಗಿನಿಂದ. ಗೋಖಲೆ 1912ರಲ್ಲಿ ಶಾಸನಸಭೆಯಲ್ಲಿ ಗೊತ್ತುವಳಿ ತಂದರು, ಮಾಳವೀಯರು 1916ರಲ್ಲಿ ಮತ್ತೆ ಎತ್ತಿದರು, 1917ಕ್ಕೆ ಹಡಗುಗಳು ನಿಂತವು. ಅಷ್ಟರಲ್ಲಿ ಕೆನಡಾ ಮಿಷನ್ನಿಗೆ ಐವತ್ತು ತುಂಬುತ್ತಾ ಬಂದಿತ್ತು.

ಎರಡನೆಯದು, ಅದು ಭಾರತೀಯರಿಗೆಂದೇ ಕಟ್ಟಿದ ಮಿಷನ್. ಭಾರತೀಯರ ಮಕ್ಕಳು ಒಂದು ಶಾಲೆ, ಆಫ್ರಿಕನ್ನರ ಮಕ್ಕಳು ಇನ್ನೊಂದು ಶಾಲೆ. ತಂದೆತಾಯಿಗಳೇ ಕಪ್ಪು ಮಕ್ಕಳ ಜೊತೆ ಕೂರಿಸಲು ಒಪ್ಪುತ್ತಿರಲಿಲ್ಲ ಎಂಬ ಸಮಜಾಯಿಷಿ ಇದೆ. ಅದು ನಿಜ. ಆ ಹಟವನ್ನು ಬಿಡಿಸುವ ಬದಲು ಅದಕ್ಕೊಂದು ಕಟ್ಟಡ ಕಟ್ಟಿಸಿಕೊಟ್ಟರು. ಆ ದೇಶದ ಚುನಾವಣೆಗಳಲ್ಲಿ ಇವತ್ತಿಗೂ ಮತ ಯಾವ ಗೆರೆಯ ಮೇಲೆ ಸೀಳುತ್ತದೆ ಎಂದು ನೋಡಿದರೆ ಆ ಬೆಂಚುಗಳ ನೆನಪಾಗುತ್ತದೆ. ಪಾದ್ರಿಗಳೊಬ್ಬರೇ ಕಾರಣ ಎನ್ನುವುದಿಲ್ಲ. ಒಂದು ಬದಿಗೆ ವಾದಿಸುವವನು ಅಷ್ಟು ವಿವರಕ್ಕೆ ಇಳಿಯಬಾರದು, ಇಳಿದುಬಿಟ್ಟೆ.

ಮೂರನೆಯದು ಕೆಲಸ. 1870ರ ಕಾನೂನು ಧಾರ್ಮಿಕ ಸಂಸ್ಥೆಗಳ ಶಾಲೆಗಳಿಗೆ ಸರ್ಕಾರದ ಹಣದ ಬಾಗಿಲು ತೆರೆಯಿತು. ಖಜಾನೆಯ ದುಡ್ಡು, ಮಿಷನ್ನಿನ ನೇಮಕಾತಿ. ಕಬ್ಬಿನ ಗದ್ದೆಯಿಂದ ಮೇಲೇಳಲು ಕೂಲಿಯ ಮಗನಿಗಿದ್ದ ಒಂದೇ ಏಣಿ ಮೇಷ್ಟರ ಕೆಲಸ, ಆ ಏಣಿಯ ಮೊದಲ ಮೆಟ್ಟಿಲು ದೀಕ್ಷಾಸ್ನಾನ. ಹಿಂದೂವಾಗಿ ಉಳಿದವನಿಗೆ ಏನು ಸಿಗುತ್ತಿತ್ತು? ಅವನ ಪಂಡಿತ ಮಾಡಿಸಿದ ಮದುವೆಯನ್ನು ಕಾನೂನು ಮದುವೆಯೆಂದೇ ಒಪ್ಪುತ್ತಿರಲಿಲ್ಲ. 1940ರ ದಶಕದ ನಡುಭಾಗದವರೆಗೂ ಇದೇ ಕಥೆ. ನೋಂದಣಿ ಮಾಡಿಸದಿದ್ದರೆ ಹುಟ್ಟಿದ ಮಕ್ಕಳು ಕಾಗದದ ಮೇಲೆ ಅಕ್ರಮ ಸಂತಾನ. ಚರ್ಚಿನಲ್ಲಿ ಮದುವೆಯಾದವರಿಗೆ ಈ ತಲೆಬಿಸಿ ಇರಲಿಲ್ಲ. ಕಾನೂನು ಮಾಡಿದ್ದು ಚರ್ಚಲ್ಲ, ಸರಿ. ಆದರೆ ಪಕ್ಕದ ಅಂಗಡಿಗೆ ಬೀಗ ಬಿದ್ದಾಗ ನಮ್ಮ ಅಂಗಡಿಯ ವ್ಯಾಪಾರ ಹೆಚ್ಚಾದರೆ ಅದನ್ನು ನಮ್ಮ ಸರಕಿನ ಗುಣ ಎಂದು ಕರೆಯಬಾರದು.

ಬೀಗ ತೆಗೆದ ಮೇಲೆ ಏನಾಯಿತು? 1952ರಲ್ಲಿ ಭದಾಸೆ ಸಗನ್ ಮರಾಜ್ ಮುಂದಾಳತ್ವದಲ್ಲಿ ಸನಾತನ ಧರ್ಮ ಮಹಾಸಭಾ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಹತ್ತಾರು ಶಾಲೆಗಳನ್ನು ಕಟ್ಟಿತು. ‘ಕೊಟ್ಟಿಗೆಗಳು’ ಎಂದು ಟೀಕಾಕಾರರು ಹೀಯಾಳಿಸಿದರು. ಆ ಕೊಟ್ಟಿಗೆಗಳಲ್ಲಿ ಮಕ್ಕಳು ಅಪ್ಪ ಇಟ್ಟ ಹೆಸರಿನಲ್ಲೇ ಹಾಜರಿ ಹೇಳಿದರು. ಅಲ್ಲಿ ಪಾಠ ಹೇಳಿದವರಲ್ಲಿ ಹಲವರು ಮಿಷನ್ ಶಾಲೆಯಲ್ಲೇ ಓದಿದವರಿದ್ದರು ಎಂದು ಟೀಚರ್ ಎದ್ದು ನಿಂತರೆ, ಆ ಪ್ರಶ್ನೆಯನ್ನು ಮುಂದಿನ ತಾರೀಖಿಗೆ ಇಟ್ಟುಕೊಳ್ಳೋಣ ಎಂದು ಕೇಳಿಕೊಳ್ಳುತ್ತೇನೆ.

ಕೊನೆಯದು 1960ರ ಒಪ್ಪಂದ. ಅದಕ್ಕೆ ಅಲ್ಲಿ ಕಾಂಕಾರ್ಡಾಟ್ ಎನ್ನುತ್ತಾರೆ. ಸ್ವಾತಂತ್ರ್ಯಕ್ಕೆ ಇಪ್ಪತ್ತು ತಿಂಗಳು ಮೊದಲು, ಕ್ರಿಸ್‌ಮಸ್ ಹೊತ್ತಿನಲ್ಲಿ, ಸರ್ಕಾರವೂ ಧಾರ್ಮಿಕ ಆಡಳಿತ ಮಂಡಳಿಗಳೂ ಮಾಡಿಕೊಂಡದ್ದು. ಪ್ರೌಢಶಾಲೆಯ ಸೀಟುಗಳಲ್ಲಿ ಶೇ. 80 ಪರೀಕ್ಷೆಯ ಅಂಕದ ಮೇಲೆ, ಉಳಿದ ಶೇ. 20ನ್ನು ಪಾಸಾದವರ ಪಟ್ಟಿಯಿಂದ ಪ್ರಾಂಶುಪಾಲರೇ ಆರಿಸಬಹುದು. ಶಾಲೆ ನಡೆಸುವ ದುಡ್ಡಿನ ಬಹುಪಾಲು ಸರ್ಕಾರದ್ದು. ಹಲವು ದಶಕ ಈ ಏರ್ಪಾಡು ನಡೆದುಕೊಂಡು ಬಂತು. ನಪರಿಮಾ ಕಾಲೇಜಾಗಲಿ, ಸೇಂಟ್ ಆಗಸ್ಟೀನ್ ಆಗಲಿ, ರಾಷ್ಟ್ರೀಯ ವಿದ್ಯಾರ್ಥಿವೇತನ ಪಡೆಯುವ ಶಾಲೆಗಳಲ್ಲಿ ಆ ಶೇ. 20ರ ಒಂದೊಂದು ಕುರ್ಚಿಯೂ ಚಿನ್ನದ್ದು. ಇದೇ ಹಕ್ಕು ಹಿಂದೂ, ಮುಸ್ಲಿಂ, ಕ್ಯಾಥೊಲಿಕ್ ಶಾಲೆಗಳಿಗೂ ಇದೆ ಎಂದು ಯಾರಾದರೂ ನೆನಪಿಸುವ ಮೊದಲು ಮುಂದಕ್ಕೆ ಸಾಗುತ್ತೇನೆ.

ಈ ಶೇ. 20ರ ವಿಷಯ ಓದುವಾಗ ನನಗೆ ಬೇಡವಾದ ಒಂದು ಬೆಳಗಿನ ಜಾವ ನೆನಪಾಯಿತು. ಮಗಳಿಗೆ ಎಲ್‌ಕೆಜಿ ಸೀಟು. ಬೆಂಗಳೂರಿನ ಒಂದು ಚರ್ಚ್ ನಡೆಸುವ ಶಾಲೆ, ಹೆಸರು ಬೇಡ. ಬೆಳಗಿನ ಜಾವ ನಾಲ್ಕು ಗಂಟೆಗೆ ಅರ್ಜಿ ನಮೂನೆಯ ಸಾಲಿನಲ್ಲಿ ನಿಂತೆ. ಮುಂದಿದ್ದವರು ರಾತ್ರಿಯೇ ಬಂದು ಚಾಪೆ ಹಾಸಿದ್ದರು. ನನ್ನ ಹಿಂದೆ ಖಾಕಿ ಅಂಗಿಯ ಆಟೋ ಚಾಲಕ, ಹೆಗಲ ಮೇಲೆ ನನ್ನ ಮಗಳ ವಯಸ್ಸಿನದೇ ಹುಡುಗಿ, ಅಪ್ಪನ ತಲೆಗೆ ಕೆನ್ನೆ ಒತ್ತಿ ನಿದ್ದೆ. ನಾವಿಬ್ಬರೂ ಮೂರು ಗಂಟೆ ಮಾತಾಡಿದೆವು. ಹುಡುಗಿಗೆ ಎ ಯಿಂದ ಝಡ್‌ವರೆಗೆ ಬರುತ್ತದೆ, ಹಿಂದಿನಿಂದ ಮುಂದಕ್ಕೂ ಹೇಳುತ್ತಾಳೆ ಎಂದ. ನನ್ನ ಮಗಳಿಗೆ ಎಚ್ ದಾಟುತ್ತಿರಲಿಲ್ಲ. ಎಂಟು ಗಂಟೆಗೆ ಗೇಟು ತೆರೆಯಿತು, ನಮಗಿಂತ ಇಪ್ಪತ್ತು ಜನ ಮೊದಲೇ ನಮೂನೆ ಮುಗಿಯಿತು.

ನನ್ನ ಜೇಬಿನಲ್ಲಿ ಒಂದು ಪತ್ರವಿತ್ತು. ನನ್ನ ಕಕ್ಷಿದಾರರೊಬ್ಬರು ಆ ಸಭೆಯ ಹಿರಿಯರು, ಅವರು ಬರೆದುಕೊಟ್ಟದ್ದು. ಸಾಲು ಚದುರುವವರೆಗೆ ಕಾದು, ಪಕ್ಕದ ಬಾಗಿಲಿನಿಂದ ಒಳಗೆ ಹೋದೆ. ಪ್ರಾಂಶುಪಾಲರು ಪತ್ರ ಓದಿದರು, ಮಡಚಿದರು, ಮೇಜಿನ ಖಾನೆಯಿಂದ ನಮೂನೆ ತೆಗೆದುಕೊಟ್ಟರು. ಒಂದು ಮಾತೂ ಹೆಚ್ಚು ಆಡಲಿಲ್ಲ. ನಾನೂ ಆಡಲಿಲ್ಲ. ಆ ಇನ್ನೊಂದು ಮಗುವಿನ ಹೆಸರನ್ನಾದರೂ ಹೇಳಬಹುದಿತ್ತು. ಮೂರು ಗಂಟೆ ಮಾತಾಡಿದ್ದರೂ ಅವಳ ಹೆಸರನ್ನು ನಾನು ಕೇಳಿಯೇ ಇರಲಿಲ್ಲ.

ನಮೂನೆಯನ್ನು ಅಂಗಿಯೊಳಗೆ ಸೇರಿಸಿಕೊಂಡು ಹೊರಗೆ ಬಂದೆ. ರಸ್ತೆಯಲ್ಲಿ ಒಂದೇ ಆಟೋ ಇತ್ತು, ಅವನದೇ. ಹಿಂದಿನ ಸೀಟಿನಲ್ಲಿ ಹುಡುಗಿ ಮಲಗಿದ್ದಳು. ‘ಬನ್ನಿ ಸಾರ್, ನಿಮಗೂ ಸಿಗಲಿಲ್ಲವಲ್ಲ’ ಎಂದು ಅವಳನ್ನು ಎತ್ತಿ ಮುಂದೆ ತನ್ನ ತೊಡೆಯ ಮೇಲೆ ಕೂರಿಸಿಕೊಂಡ. ನಾನು ಹತ್ತಿ ಕೂತೆ. ಮೀಟರ್ ಹಾಕಿದ.